ಏಳನೆಯ ಕವಿತೆಯ ಕೊನೆಯ ಸಾಲು

2005ರ ಏಪ್ರಿಲ್ 30, ಶನಿವಾರ. ತಾರೀಖನ್ನು ಸಂಸೆಯ ಕಡೆಯ ಒಂದು ಖಾಸಗಿ ಪ್ರೌಢಶಾಲೆಯ ಆಡಳಿತ ಸಮಿತಿ ನನಗೆ ಕಳುಹಿಸಿದ್ದ ಸಭಾಸೂಚನೆಯಿಂದ ತೆಗೆದುಕೊಂಡಿದ್ದೇನೆ. ವಾರವನ್ನು ಆ ವರ್ಷದ ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ. ಎರಡೂ ಹೊಂದುತ್ತವೆ. ಆ ದಿನದ ಉಳಿದ ಸಂಗತಿಗಳಿಗೆ ಇತ್ತೀಚಿನವರೆಗೂ ನನ್ನ ನೆನಪೊಂದೇ ಆಧಾರವಾಗಿತ್ತು.

ಕನ್ನಡ ಅಧ್ಯಾಪಕರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದಕ್ಕೆ, ಕಾವ್ಯವನ್ನು ಕಲಿಯಲು, ಕಲಿಸಲು, ಹಂಚಿಕೊಳ್ಳಲು ಅಂತರ್ಜಾಲದಲ್ಲಿ ಏನೇನಿತ್ತು, ಏನಿದೆ ಎಂದು ಬರೆದುಕೊಡುವಂತೆ ನನ್ನನ್ನು ಕೇಳಿದ್ದರು. ಬರೆಯಲು ಕುಳಿತಾಗ ಹಳೆಯ ವಿಳಾಸಗಳಲ್ಲಿ ಮುಕ್ಕಾಲು ಪಾಲು ಸತ್ತುಹೋಗಿದ್ದವು. ಟೈಪು ಮಾಡಿದರೆ ಪುಟ ಸಿಗುವುದಿಲ್ಲ ಎಂಬ ಉತ್ತರ ಬರುತ್ತಿತ್ತು. ನಾನೇ ನಡೆಸುತ್ತಿದ್ದ ಮಿಂಚಂಚೆ ಗುಂಪೂ ಆ ಸೇವೆಯೊಂದಿಗೆ ಮುಚ್ಚಿಹೋಗಿತ್ತು. ಅದರ ಸಂಗ್ರಹವನ್ನು ಮುಚ್ಚುವ ಮೊದಲೇ ಇಳಿಸಿಟ್ಟುಕೊಂಡಿದ್ದ ಹಳೆಯ ಸದಸ್ಯರೊಬ್ಬರು ತಮ್ಮ ಪ್ರತಿಯನ್ನು ಕಳುಹಿಸಿಕೊಟ್ಟರು. ಈ ಬರಹ ಆ ಪ್ರತಿಯಿಂದ ಹುಟ್ಟಿದ್ದು.

ನನ್ನ ವೃತ್ತಿ ಕಾಫಿಯ ರುಚಿ ಪರೀಕ್ಷೆ. ತೊಂಬತ್ತರ ದಶಕದ ಕೊನೆಯವರೆಗೆ ಸಂಶೋಧನೆಯಲ್ಲಿದ್ದು, ನಿವೃತ್ತನಾದ ಮೇಲೆ ಮೂಡಿಗೆರೆಯಲ್ಲಿ ನೆಲೆಸಿದೆ. ಅಲ್ಲಿಯವರೆಗೆ ನನ್ನ ಪಾಲಿಗೆ ಹೊಸ ಕವಿತೆಯೆಂದರೆ ಬಸ್‌ಸ್ಟ್ಯಾಂಡಿನ ಅಂಗಡಿಗೆ ತಡವಾಗಿ ಬರುತ್ತಿದ್ದ ವಾರಪತ್ರಿಕೆ. ನಿವೃತ್ತಿಯ ಹಣದಲ್ಲಿ ಕಂಪ್ಯೂಟರು ಕೊಂಡು ಟೆಲಿಫೋನ್ ತಂತಿಗೆ ಜೋಡಿಸಿದಾಗ ಬೇರೊಂದು ಲೋಕ ತೆರೆಯಿತು. ಕವಿಗಳು ತಮ್ಮ ದನಿಯಲ್ಲೇ ಓದಿದ ಕವಿತೆಗಳ ಪುಟವೊಂದಿತ್ತು. ಹಳಗನ್ನಡ ಪದ್ಯಗಳನ್ನು ಪದಗಳಾಗಿ ಬಿಡಿಸಿ ಅರ್ಥ ಕೊಟ್ಟಿದ್ದ ತಾಣವಿತ್ತು. ಒಂದು ನಿಘಂಟು ಇತ್ತು. ಅದರಲ್ಲಿ ಹುಡುಕಿದ ಪದ ಸಿಕ್ಕರೆ ಹಬ್ಬ. ಆದರೆ ಒಂದು ಕಂಪ್ಯೂಟರಿನ ಕನ್ನಡ ಇನ್ನೊಂದರಲ್ಲಿ ಚೌಕುಳಿಗಳಾಗಿ ಕಾಣುತ್ತಿತ್ತು. ಆದ್ದರಿಂದ ನಾವು ಕವಿತೆಯನ್ನು ಚಿತ್ರ ಮಾಡಿ ಕಳುಹಿಸುತ್ತಿದ್ದೆವು, ಆ ಚಿತ್ರಗಳ ಭಾರಕ್ಕೆ ಅಂಚೆಪೆಟ್ಟಿಗೆ ಪದೇ ಪದೇ ತುಂಬಿಹೋಗುತ್ತಿತ್ತು. ತುಂಬಿದ ಪೆಟ್ಟಿಗೆಗೆ ಬಂದ ಪತ್ರ ಹಿಂದಿರುಗಿ ಹೋಗುತ್ತಿತ್ತು. ಈ ಕೊನೆಯ ವಿವರ ಮುಂದೆ ಬೇಕಾಗುತ್ತದೆ.

ಮೇಲೆ ಹೇಳಿದ ಶಾಲೆಯ ಕನ್ನಡ ಅಧ್ಯಾಪಕಿ ನನ್ನ ಮನೆಗೆ ಬರತೊಡಗಿದ್ದು 2003ರಲ್ಲಿ. ಅವರದು ಇನ್ನೂ ಖಾಯಂ ಆಗದ ಕೆಲಸ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಕಳಸದ ಮೇಲೆ ಬರುವ ಬಸ್ಸು ಹಿಡಿದು ಮೂಡಿಗೆರೆಗೆ ಬಂದು, ರಾತ್ರಿ ಗೋಣಿಬೀಡಿನ ಚಿಕ್ಕಮ್ಮನ ಮನೆಯಲ್ಲಿ ತಂಗುತ್ತಿದ್ದರು. ಒಂದು ಕವಿತೆಯ ದನಿ ತಂತಿಯಲ್ಲಿ ಇಳಿಯುವುದರೊಳಗೆ ನನ್ನ ಹೆಂಡತಿ ಕಡುಬು ಬೇಯಿಸಿ ಮುಗಿಸುತ್ತಿದ್ದಳು. ಇಳಿದ ದನಿಯನ್ನು ಸ್ಪೀಕರಿನ ಮುಂದೆ ಟೇಪ್‌ರೆಕಾರ್ಡರ್ ಹಿಡಿದು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಹೋಗಿ ತರಗತಿಯಲ್ಲಿ ಕೇಳಿಸುತ್ತಿದ್ದರು. ಹಿನ್ನೆಲೆಯಲ್ಲಿ ನಮ್ಮ ಕುಕ್ಕರಿನ ಸೀಟಿ ಬರುತ್ತಿತ್ತಂತೆ. ಮಕ್ಕಳು ಆ ಕವಿಗೆ ಕುಕ್ಕರ್ ಕವಿ ಎಂದೇ ಹೆಸರಿಟ್ಟಿದ್ದರು.

ಗುಂಪನ್ನು ಕಟ್ಟಿದಾಗ ನನ್ನ ವೃತ್ತಿಯ ಒಂದು ನಿಯಮವನ್ನು ಅದಕ್ಕೆ ತಂದೆ. ಕಾಫಿ ರುಚಿ ನೋಡುವ ಕೋಣೆಯಲ್ಲಿ ಬಟ್ಟಲಿನ ಮೇಲೆ ತೋಟದ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಎಲ್ಲರೂ ತಮ್ಮ ತೀರ್ಪು ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಒಬ್ಬ ಹುಬ್ಬು ಗಂಟಿಕ್ಕಿದರೂ ಪಕ್ಕದವನ ನಾಲಗೆ ಬದಲಾಗುತ್ತದೆ. ಹಾಗೆಯೇ ಗುಂಪಿನಲ್ಲಿ ಕವಿತೆಗಳು ನನ್ನ ಮೂಲಕ ಸಂಖ್ಯೆ ಹೊತ್ತು ಹೊರಡುತ್ತಿದ್ದವು. ಓದುಗರೂ ಅಡ್ಡಹೆಸರಿನಲ್ಲೇ ಅಭಿಪ್ರಾಯ ಬರೆಯಬೇಕು: ಒಬ್ಬರು ‘ಪೀಬೆರಿ’, ಒಬ್ಬರು ‘ಚಿಕೋರಿ’, ಹೀಗೆ ಕಾಫಿಗೆ ಸಂಬಂಧಿಸಿದ ಹೆಸರುಗಳು. ಅವರು ಯಾರೆಂದು ನನಗೂ ತಿಳಿಯದು. ಕವಿಗಳ ಹೆಸರನ್ನು ಮಳೆಗಾಲ ಹಿಡಿದ ಮೇಲೆ, ಎಲ್ಲವನ್ನೂ ಒಟ್ಟಿಗೆ ಬಿಡುಗಡೆ ಮಾಡುವ ಪದ್ಧತಿ.

2005ರ ಏಳನೆಯ ಕವಿತೆ ಅಧ್ಯಾಪಕಿಯದು. ಕಳಸದ ಕಂಪ್ಯೂಟರ್ ಕೇಂದ್ರದಿಂದ ಕಳುಹಿಸಿದ್ದರು. ಕಾಫಿ ಸೀಮೆಯಲ್ಲಿ ಬೇಸಿಗೆಯ ಮೊದಲ ಮಳೆಗೆ ಗಿಡ ಹೂಬಿಡುತ್ತದೆ; ಅದು ಹೂಮಳೆ. ಕೆಲವು ವಾರಗಳ ಮೇಲೆ ಎರಡನೆಯ ಮಳೆ, ಬ್ಯಾಕಿಂಗ್ ಮಳೆ, ಬಾರದಿದ್ದರೆ ಹೂವು ಕಾಯಿ ಕಚ್ಚದೆ ಕರಕಾಗುತ್ತದೆ. ಎರಡು ಮಳೆಗಳ ನಡುವಿನ ದಿನಗಳಲ್ಲಿ ಹೆಂಗಸೊಬ್ಬಳು ಬೆಳಗಾದರೆ ಅಂಗಳಕ್ಕೆ ಬಂದು ಪಡುವಣದ ಆಕಾಶ ನೋಡಿ ಒಳಗೆ ಹೋಗುತ್ತಾಳೆ. ಕವಿತೆಯಲ್ಲಿ ಇರುವುದು ಇಷ್ಟೆ. ಕೊನೆಯ ಸಾಲಿನಲ್ಲಿ ಮಾತ್ರ ಅವಳು ತಿರುಗಿ ಗಿಡದ ತುಂಬ ಅರಳಿದ ಹೂವನ್ನು ನೋಡುತ್ತಾಳೆ.

ಗುಂಪಿನ ಯಾರೋ ಮೆಚ್ಚಿ, ನಿಯಮ ಮುರಿದು, ಅದನ್ನು ಸ್ನೇಹಿತರಿಗೆ ರವಾನಿಸಿದರು. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಅದು ಒಂದು ಕವಿತಾಸಂಗ್ರಹದ ತಾಣದಲ್ಲಿ ‘ಕವಿ: ಅಜ್ಞಾತ’ ಎಂದು ಕಾಣಿಸಿಕೊಂಡಿತು. ಇದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಅಧ್ಯಾಪಕಿ ಮಕ್ಕಳಿಗೆ ಬೇಸಿಗೆ ಕಾವ್ಯಶಿಬಿರ ನಡೆಸಿ, ಕೊನೆಯ ದಿನ ಪೋಷಕರ ಮುಂದೆ ಈ ಕವಿತೆಯನ್ನು ತಮ್ಮದೆಂದು ಹೇಳಿ ಓದಿದರು. ವಾರ ಕಳೆಯುವುದರೊಳಗೆ ಆಡಳಿತ ಸಮಿತಿಯ ಅಧ್ಯಕ್ಷರ ಮೇಜಿನ ಮೇಲೆ ಆ ತಾಣದ ಪುಟದ ಮುದ್ರಿತ ಪ್ರತಿ ಇತ್ತು. ಮಕ್ಕಳ ಮುಂದೆ ಕದ್ದ ಕವಿತೆ ಓದಿದವರನ್ನು ಜೂನ್‌ನಲ್ಲಿ ಖಾಯಂ ಮಾಡುವುದು ಹೇಗೆ ಎಂಬುದು ಪ್ರಶ್ನೆ. ಖಾಯಂ ಆಗದಿದ್ದರೆ ಅವರಿಗೆ ಶಾಲೆಯೇ ಇಲ್ಲ; ಕಳ್ಳಿ ಎಂಬ ಹೆಸರು ಹೊತ್ತವರನ್ನು ಆಸುಪಾಸಿನ ಬೇರೆ ಶಾಲೆಯೂ ಕರೆಯುವುದಿಲ್ಲ.

ಪುಟ ಮುದ್ರಣವಾದದ್ದು ಮೂಡಿಗೆರೆಯ ಒಬ್ಬ ವರ್ತಕರ ಅಂಗಡಿಯಲ್ಲಿ. ಮುಂದೆ ಜವಳಿ, ಹಿಂದೆ ಎರಡು ಕಂಪ್ಯೂಟರು. ಹಣೆಗೆ ವಿಭೂತಿ ಇಲ್ಲದೆ ಗಲ್ಲಾಪೆಟ್ಟಿಗೆಯ ಮುಂದೆ ಕೂರದ ಮನುಷ್ಯ, ಮಾತು ಕಡಿಮೆ. ಸಂಸೆಯ ಬಳಿ ತೋಟವೂ ಇದ್ದುದರಿಂದ ಶಾಲೆಯ ಸಮಿತಿಯ ಸದಸ್ಯರು. ದೂರು ಇವರದೇ ಎಂದು ನಾನು ತೀರ್ಮಾನಿಸಿದೆ.

ನನ್ನನ್ನು ಸಾಕ್ಷಿಯಾಗಿ ಕರೆದಿದ್ದರು. ಅಧ್ಯಾಪಕಿ ಕಳುಹಿಸಿದ ಮೂಲ ಪತ್ರ ತೋರಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಪೆಟ್ಟಿಗೆ ತುಂಬಿದಾಗ ಅದನ್ನು ಅಳಿಸಿದ್ದೆ. ಗುಂಪಿನ ಪುಟ ತೆರೆದು ತಾರೀಖು ನೋಡೋಣವೆಂದರೆ ಗುಡುಗು ಮಳೆಗೆ ಮರ ಬಿದ್ದು ನಮ್ಮ ಬೀದಿಯ ಟೆಲಿಫೋನ್ ತಂತಿ ಹರಿದಿತ್ತು. ಊರಿನಲ್ಲಿ ತಂತಿ ಸರಿಯಿದ್ದದ್ದು ನನಗೆ ಗೊತ್ತಿದ್ದಂತೆ ಆ ವರ್ತಕರ ಅಂಗಡಿಯಲ್ಲಿ ಮಾತ್ರ. ಎದುರಾಳಿಯ ಮನೆಯ ದೀಪದಲ್ಲಿ ಸಾಕ್ಷಿ ಹುಡುಕುವುದು ಬೇಡವೆಂದು ಆ ಕಡೆ ಕಾಲಿಡಲಿಲ್ಲ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದೆ. ಅಧ್ಯಾಪಕಿಯ ಪತ್ರದ ಮೊದಲ ಸಾಲು ನನಗೆ ಚೆನ್ನಾಗಿ ನೆನಪಿತ್ತು: ನಿನ್ನೆ ಹೂಮಳೆ ಬಿತ್ತು, ಇದನ್ನು ಬರೆದೆ. ಹೂಮಳೆ ಬಿದ್ದದ್ದು ಮಾರ್ಚ್ ಮೊದಲ ವಾರ. ತಾಣದಲ್ಲಿ ಕವಿತೆ ಬಂದದ್ದು ಕೊನೆಯ ವಾರ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ ಎಂದುಕೊಂಡೆ. ಕಾಫಿ ಸೀಮೆಯವರು ಮದುವೆ, ಸಾವು, ಹೆರಿಗೆ ಎಲ್ಲವನ್ನೂ ಹೂಮಳೆಯ ಹಿಂದೆ ಮುಂದೆ ಇಟ್ಟು ನೆನಪಿಡುತ್ತಾರೆ. ನಾನೂ ಅಷ್ಟು ವರ್ಷದಲ್ಲಿ ಅದೇ ಅಭ್ಯಾಸಕ್ಕೆ ಬಿದ್ದಿದ್ದೆ.

ರಜೆಯ ಶಾಲೆ. ಎಂಟನೇ ತರಗತಿಯ ಬೆಂಚುಗಳನ್ನು ಎದುರುಬದುರಾಗಿ ಹಾಕಿದ್ದರು. ಒಂದು ಕಡೆ ಅಧ್ಯಾಪಕಿ ಮತ್ತು ನಾನು. ಎದುರು ಬೆಂಚಿನಲ್ಲಿ ವರ್ತಕರು, ಇನ್ನು ಕೆಲವು ಸದಸ್ಯರು. ನಡುವೆ ಅಧ್ಯಕ್ಷರು, ದೊಡ್ಡ ತೋಟದ ಯಜಮಾನರು. ಅವರು ಯಾರಿಗೂ ದನಿ ಏರಿಸಿದ್ದನ್ನು ನಾನು ಕೇಳಿಲ್ಲ, ಅಂದೂ ಏರಿಸಲಿಲ್ಲ. ಮುದ್ರಿತ ಪುಟವನ್ನು ಓದಿಸಿದರು. ಅಧ್ಯಾಪಕಿ ಅದು ತಮ್ಮದೇ ಎಂದರು. ಆಗ ಅಧ್ಯಕ್ಷರು ನನ್ನ ಕಡೆ ತಿರುಗಿದರು.

“ನೀವು ತಾರೀಖಿನ ಮನುಷ್ಯ ಅಂತ ಕೇಳಿದ್ದೇನೆ ಸಾರ್. ಇದು ನಿಮ್ಮ ಕೈಗೆ ಬಂದದ್ದು ಯಾವತ್ತು?”

“ಹೂಮಳೆ ಬಿದ್ದ ಮಾರನೇ ದಿನ. ಹಾಗಂತ ಅವರ ಪತ್ರದಲ್ಲೇ ಇತ್ತು.”

“ಯಾರ ಹೂಮಳೆ?”

ಎದುರು ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ನಗಲಿಲ್ಲ.

“ನಿಮ್ಮ ಮೂಡಿಗೆರೆದಾ, ನಮ್ಮದಾ? ನಿಮಗೆ ಬಿದ್ದು ಎರಡು ವಾರ ಕಳೆದ ಮೇಲೆ ನಮಗೆ ಬಿದ್ದದ್ದು. ನಮ್ಮ ಎಸ್ಟೇಟಲ್ಲೇ ಮೇಲಿನ ಬ್ಲಾಕಿಗೆ ಒಂದು ದಿನ, ಹೊಳೆ ಬದಿಗೆ ಇನ್ನೊಂದು ದಿನ. ಮಳೆನ ಸಾಕ್ಷಿಗೆ ಕರೀಬೇಡಿ ಮಾರಾಯ್ರೆ. ಅದು ಹೇಳಿದ ದಿನ ಹಾಜರಾಗೋ ಜಾತಿ ಅಲ್ಲ.”

ಪತ್ರದಲ್ಲಿದ್ದ ಹೂಮಳೆ ಅಧ್ಯಾಪಕಿಯ ಊರಿನದು. ನಾನು ಅದಕ್ಕೆ ನನ್ನ ಅಂಗಳದ ಮಳೆಯನ್ನು ಹೊಂದಿಸಿಕೊಂಡಿದ್ದೆ. ಸಂಸೆಯ ಲೆಕ್ಕದಲ್ಲಿ ಪತ್ರದ ದಿನ ತಾಣದ ದಿನದ ಹತ್ತಿರಕ್ಕೇ ಬರುತ್ತಿತ್ತು. ಯಾವುದು ಮೊದಲು ಎಂದು ಹೇಳುವಂತಿರಲಿಲ್ಲ. ಅಧ್ಯಾಪಕಿ ನನ್ನನ್ನು ನೋಡಲಿಲ್ಲ; ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

ಆಗ ವರ್ತಕರು ಬಾಯಿ ತೆರೆದರು.

“ಮೇಡಂ, ಈ ಕಾಗದದಲ್ಲಿ ಒಂದು ಸಾಲು ಜಾಸ್ತಿ ಇದೆ. ನೀವು ಶಿಬಿರದಲ್ಲಿ ಓದಿದಾಗ ಇದು ಇರ್ಲಿಲ್ಲ. ನಾನೂ ಅಲ್ಲೇ ಕೂತಿದ್ದೆ. ಆ ಸಾಲು ಎಲ್ಲಿ ಹೋಯ್ತು?”

ನನಗೆ ಅದು ಕುಣಿಕೆಯ ಕೊನೆಯ ಗಂಟಿನಂತೆ ಕೇಳಿಸಿತು. ಕದ್ದವರಿಗೆ ಪೂರ್ತಿ ಕದಿಯಲೂ ಬರಲಿಲ್ಲ ಎಂಬ ಅರ್ಥ. ನಾನು ಏನೋ ಹೇಳಲು ಹೊರಟೆ. ಅಧ್ಯಕ್ಷರು ಕೈ ಎತ್ತಿ ತಡೆದರು.

“ತೆಗೆದೆ,” ಎಂದರು ಅಧ್ಯಾಪಕಿ.

“ಎಂತಕ್ಕೆ?”

“ಅದರಲ್ಲಿ ಹೂವು ಅಂತ ಇತ್ತು. ನಮ್ಮ ಗುಂಪಿನಲ್ಲಿ ಯಾರೋ ಓದಿ ಬರೆದಿದ್ರು, ಬ್ಯಾಕಿಂಗ್ ಬರೋ ಮೊದಲು ಹೂವಿನ ಹೆಸರು ಯಾಕೆ ಎತ್ತಿದ್ರಿ ಅಂತ. ನಮ್ಮಮ್ಮನೂ ಎತ್ತುತ್ತಿರ್ಲಿಲ್ಲ, ದೃಷ್ಟಿ ತಾಗುತ್ತೆ ಅಂತ. ‘ಈ ಸಲ ಅದು ಪರವಾಗಿಲ್ಲ’ ಅಂತಿದ್ರು, ಅಷ್ಟೆ. ಕಣ್ಣೆತ್ತಿ ಗಿಡ ನೋಡಿದ್ರೂ ಬೈತಿದ್ರು. ನಾನು ಕವಿತೆ ಪೂರ್ತಿ ಆಕಾಶನೇ ನೋಡಿ, ಕೊನೆಗೆ ಬಾಯಿ ಬಿಟ್ಟುಬಿಟ್ಟಿದ್ದೆ. ಓದಿದವರು ಯಾರೋ ಗೊತ್ತಿಲ್ಲ. ಅವರು ಹೇಳಿದ್ದು ಸರಿ.”

ವರ್ತಕರು ಕಾಗದವನ್ನು ಮಡಚಿ ಅಧ್ಯಕ್ಷರ ಮುಂದಿಟ್ಟರು. ಅಧ್ಯಕ್ಷರು ಕಿಟಕಿಯ ಆಚೆ ನೋಡಿದರು. ಅಲ್ಲಿ ಗುಡ್ಡದ ಬದಿಯ ತೋಟದಲ್ಲಿ ಹೂವಿನ ಕಾಲ ಮುಗಿದಿತ್ತು.

“ನಮ್ಮ ಮನೇಲೂ ಹಾಗೇ,” ಎಂದರು ಅವರು, ಯಾರಿಗೆಂದಲ್ಲದೆ. “ನಮ್ಮ ಅಜ್ಜಿ ಅಂತೂ ಆ ದಿನಗಳಲ್ಲಿ ಮಲ್ಲಿಗೆನೂ ಮುಡೀತಿರ್ಲಿಲ್ಲ.” ಆಮೇಲೆ ಕಿಟಕಿಯಿಂದ ಈಚೆ ತಿರುಗಿ, “ಕದ್ದೋರು ಇದ್ದದ್ದನ್ನ ಇದ್ದ ಹಾಗೇ ಇಟ್ಕೊಳ್ತಾರೆ. ಮುಂದಿನ ವಿಷಯ ತಗೊಳ್ಳಿ.”

ಮುಂದಿನ ವಿಷಯ ಶಾಲೆಯ ಹೆಂಚು ಬದಲಿಸುವುದಾಗಿತ್ತು. ನಾವಿಬ್ಬರೂ ಹೊರಗೆ ಬಂದೆವು. ಅಧ್ಯಾಪಕಿ ಬಾವಿಕಟ್ಟೆಯ ಬಳಿ ಹೋಗಿ ಮುಖ ತೊಳೆದುಕೊಂಡು ಬಂದು, ಮುಂದಿನ ಶನಿವಾರ ಯಾವ ಕ್ಯಾಸೆಟ್ ತರಲಿ ಎಂದು ಕೇಳಿದರು. ತಂತಿ ಹರಿದಿದೆ ಎಂದೆ. ಜೂನ್‌ನಲ್ಲಿ ಅವರ ಕೆಲಸ ಖಾಯಂ ಆಯಿತು. ಹೆಸರುಗಳನ್ನು ಬಿಡುಗಡೆ ಮಾಡಿದಾಗ ಏಳನೆಯ ಕವಿತೆಯ ಮುಂದೆ ಅವರ ಹೆಸರು ಬರೆದು, ಆ ತಾಣದವರಿಗೂ ತಿಳಿಸಿದೆ. ಅವರು ‘ಅಜ್ಞಾತ’ವನ್ನು ತೆಗೆದರು; ಹೆಚ್ಚಿಗೆ ಇದ್ದ ಸಾಲನ್ನು ಮಾತ್ರ ತೆಗೆಯಲಿಲ್ಲ.

ವರ್ತಕರೊಂದಿಗೆ ನಾನು ಆಮೇಲೆ ಮಾತಾಡಲಿಲ್ಲ. ಜವಳಿಗೆ ಬೇರೆ ಅಂಗಡಿ ಹುಡುಕಿಕೊಂಡೆವು. ಆ ಸಭೆಯ ಸಂಗತಿಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಅದರಲ್ಲಿ ದೂರು ಕೊಟ್ಟವರು ಅವರೇ, ಬಲೆ ಬೀಸಿದವರೂ ಅವರೇ, ಬಲೆ ಹರಿದು ಹೊರಬಂದವರು ಅಧ್ಯಾಪಕಿ. ಕೈಪಿಡಿಗೆ ಕಳುಹಿಸಲು ಬರೆದ ಮೊದಲ ಕರಡಿನಲ್ಲೂ ಹಾಗೆಯೇ ಇದೆ.

ಈಗ ಸಂಗ್ರಹದ ಪ್ರತಿ ನನ್ನ ಮುಂದಿದೆ. ಏಳನೆಯ ಕವಿತೆಯ ಕೊನೆಯ ಸಾಲು ತೆಗೆಯಬೇಕೆಂದು ಬರೆದ ಓದುಗರ ಅಡ್ಡಹೆಸರು ‘ಚಿಕೋರಿ’. ಅದೇ ಅಡ್ಡಹೆಸರಿನಿಂದ ಗುಂಪಿಗೆ ನೇರವಾಗಿ ಬಂದ ಇನ್ನೊಂದು ಪತ್ರವಿದೆ. ಅದನ್ನು ನಾನು ಕಂಡಿರಲಿಲ್ಲ: ನನ್ನ ತಂತಿ ಕೂಡಿಬರುವುದರೊಳಗೆ ಪೆಟ್ಟಿಗೆ ಮತ್ತೆ ತುಂಬಿ, ಬಂದ ಪತ್ರಗಳು ಹಿಂದಿರುಗಿದ್ದವು. ಅಧ್ಯಾಪಕಿಯೂ ರಜೆಯಲ್ಲಿ ಕಳಸದ ಕೇಂದ್ರಕ್ಕೆ ಹೋಗುತ್ತಿರಲಿಲ್ಲ. ಪತ್ರದ ತಾರೀಖು 2005ರ ಏಪ್ರಿಲ್ 29, ಶುಕ್ರವಾರ. ಸಭೆಯ ಹಿಂದಿನ ದಿನ. ಒಕ್ಕಣೆ ಹೀಗಿದೆ:

“ಏಳನೆಯ ಕವಿತೆ ಸಂಸೆಯ ಮೇಡಂ ಅವರದು. ಶಿಬಿರದಲ್ಲಿ ಕೇಳಿದಾಗ ಕೊನೆಯ ಸಾಲು ಬಿಟ್ಟದ್ದು ನೋಡಿ ತಿಳಿಯಿತು. ಯಾರೋ ಬಂದು ನೆಟ್‌ನ ಪುಟ ಕೇಳಿದರು, ನಮ್ಮ ಅಂಗಡಿಯಿಂದಲೇ ಮುದ್ರಿಸಿ ಕೊಟ್ಟೆವು, ಯಾತಕ್ಕೆಂದು ಗೊತ್ತಿರಲಿಲ್ಲ. ನಾಳೆ ಸಭೆ ಇದೆ. ನಾನು ಹೇಳಿದರೆ ಗುಂಪಿನವನು ಗುಂಪಿನವರ ಪರ ಎನ್ನುತ್ತಾರೆ. ಆ ಸಾಲು ಎಲ್ಲಿ ಹೋಯಿತೆಂದು ಮಾತ್ರ ಕೇಳುತ್ತೇನೆ. ಉತ್ತರ ಅವರ ಹತ್ತಿರ ಇದೆ.”

ನನ್ನ ನೆನಪಿನಲ್ಲಿ ವರ್ತಕರು ಈಗಲೂ ಎದುರು ಬೆಂಚಿನಲ್ಲೇ ಕುಳಿತಿದ್ದಾರೆ. ದಾಖಲೆ ಅದನ್ನು ಒಪ್ಪುವುದಿಲ್ಲ.