ಬೇವಿನ ಗಿಡದ ಕೆಂಪು ಸೀರೆ

ಬಾಗಲಕೋಟೆಯ ನಮ್ಮ ಮನೆಯ ಮಾಳಿಗೆಯ ಮೇಲೆ ಕೆಳಗಿನ ಮನೆಯವಳು ನಿನ್ನೆ ಕೆಂಪು ಇಳಕಲ್ ಸೀರೆ ಒಣಹಾಕಿದ್ದಳು. ಗಾಳಿಗೆ ಅದು ಪಟಪಟ ಹಾರಿದ್ದೇ ತಡ, ನನ್ನ ಎದೆ ಧಸಕ್ಕೆಂದಿತು. ಈ ವಯಸ್ಸಿಗೂ ಇದೆಂಥ ಅಂಜಿಕೆ ಎಂದು ನನ್ನ ಮೇಲೆ ನನಗೇ ಸಿಟ್ಟು. ಆದರೆ ಆ ಬಣ್ಣ ಕಂಡರೆ ಅಂಬಿಗ ಕಾಕಾ ಮತ್ತೆ ಹೊಳೆಗಿಳಿದರು ಅನಿಸುತ್ತದೆ...

ನಾನು ಹುಟ್ಟಿದ್ದು ಹುನಗುಂದದ ಕಡೆಯ ಒಂದು ನಡುಗಡ್ಡೆಯಲ್ಲಿ. ಕೃಷ್ಣೆ ಎರಡಾಗಿ ಸೀಳಿ ಮತ್ತೆ ಕೂಡುವ ನಡುವೆ ಮೂವತ್ತು ಮನೆಗಳ ಊರು. ಮುತ್ತಜ್ಜನ ಕಾಲಕ್ಕೆ ಎರಡು ಓಣಿ ಇದ್ದವಂತೆ. ಕೆಳಗಿನ ಓಣಿಯನ್ನು ಹೊಳೆ ನುಂಗಿತು, ಉಳಿದವರು ದಿನ್ನೆ ಹತ್ತಿದರು. ದವಾಖಾನೆ ಆಚೆ ದಂಡೆಗೆ. ಹೊಳೆ ತುಂಬಿದಾಗ ಯಾರಿಗಾದರೂ ಜೀವದ ಮೇಲೆ ಬಂದರೆ ದಿನ್ನೆಯ ಬೇವಿನ ಗಿಡಕ್ಕೆ ಕೆಂಪು ಅರಿವೆ ಕಟ್ಟಬೇಕು. ಅದನ್ನು ಕಂಡು ಆಚೆ ದಂಡೆಯಿಂದ ಕಾಕಾ ಹರಗೋಲು ತರುತ್ತಿದ್ದರು.

ನಾನಾಗ ಒಂಬತ್ತು ವರ್ಷದ ಕೋತಿ. ಮಹಾಪೂರದ ಒಂದು ಮಧ್ಯಾಹ್ನ, ಕಾಕಾ ಖರೇ ಬರುತ್ತಾರೋ ನೋಡೋಣವೆಂದು ಅವ್ವನ ಕೆಂಪು ಸೀರೆ ಕಟ್ಟಿಬಿಟ್ಟೆ. ಬಂದೇ ಬಂದರು. ಮೈಯೆಲ್ಲ ತೊಯ್ದು ತುಟಿ ನಡುಗುತ್ತಿದ್ದವು.

"ಯಾರಿಗೇನಾಗೇತಿ?"

ಜನ ನೆರೆದಿದ್ದರು. ನಾನು ಹೊಟ್ಟೆ ಹಿಡಿದುಕೊಂಡೆ. "ನನಗರಿ... ಹೊಟ್ಟಿ ನೋವು," ಅಂದೆ.

ಅವ್ವ ನನ್ನನ್ನು ತಬ್ಬಿಕೊಂಡು ಹರಗೋಲಿನಲ್ಲಿ ಕೂತಳು. ಬೇರುಸಮೇತ ತೇಲಿಬಂದ ಜಾಲಿ ಗಿಡವೊಂದು ನಮ್ಮನ್ನು ಸವರಿಕೊಂಡೇ ಹೋಯಿತು. ಸತ್ತೆವು ಅಂದುಕೊಂಡೆ. ದಂಡೆ ಮುಟ್ಟಿ ಅವ್ವ ಗಾಡಿ ಹುಡುಕಲು ಹೋದಾಗ ಕಾಕಾ ಮೆಲ್ಲಗೆ ಕೇಳಿದರು.

"ನೋವಿಲ್ಲ, ಹೌದಿಲ್ಲ?"

"ಅವ್ವಗ ಹೇಳಬ್ಯಾಡ್ರಿ ಕಾಕಾ."

"ಹೇಳೂದಿಲ್ಲವ್ವ. ಆದ್ರ ನನಗೂ ಹೊಳಿ ಅಂದ್ರ ಅಂಜಿಕಿ ಐತಿ. ಅಲ್ಲಿ ಯಾರೋ ಸಾಯಾಕತ್ತಾರ ಅಂತ ಕಾಲು ಏಳ್ತಾವ. ಸುಳ್ಳಿರಬಹುದು ಅಂತ ಒಮ್ಮಿ ಅನಿಸಿದ್ರ ಏಳೂದಿಲ್ಲ."

ಮರುವರ್ಷ ಹೊಳೆ ತುಂಬಿದಾಗ ಬಾಜೂ ಮನೆಯ ಅಕ್ಕನಿಗೆ ಹೆರಿಗೆ ನೋವು. ಗಿಡಕ್ಕೆ ಕೆಂಪು ಏರಿತು. ಕಾಕಾ ಆಚೆ ದಂಡೆಗೆ ಬಂದು ನಿಂತರು. ನಿಂತೇ ಇದ್ದರು... "ಯಾಕ ನಿಂತಾನಪಾ?" ಎಂದು ಎಲ್ಲರೂ ಚಡಪಡಿಸಿದರು. ಯಾಕೆಂದು ನನಗೊಬ್ಬಳಿಗೇ ಗೊತ್ತಿತ್ತು. "ಈ ಸಲ ಖರೇ ಐತ್ರಿ ಕಾಕಾ," ಎಂದು ಕೂಗಿದೆ. ಅಷ್ಟು ಅಗಲದ ಹೊಳೆ ದಾಟಿ ನನ್ನ ದನಿ ಹೋಗಲಿಲ್ಲ. ಕೊನೆಗೆ ಅವರು ಇಳಿದರು. ಅಷ್ಟರಲ್ಲಿ ನೀರು ಇನ್ನೂ ಏರಿ ಸುಳಿ ಎದ್ದಿತ್ತು.

ಕೂಸು ಮನೆಯಲ್ಲೇ ಹುಟ್ಟಿ ಬದುಕಿತು. ಹರಗೋಲು ಎರಡು ದಿನದ ಮೇಲೆ ಕೆಳಗಿನ ಊರವರಿಗೆ ಸಿಕ್ಕಿತು. ಕಾಕಾ ಸಿಗಲಿಲ್ಲ.

ಈಗ ಅಲ್ಲಿಗೆ ಸೇತುವೆ ಆಗಿದೆ. ಅವ್ವನೂ ಇಲ್ಲ, ಅವಳಿಗೆ ಕೊನೆವರೆಗೂ ಹೇಳಲಿಲ್ಲ. ನಿನ್ನೆ ಆ ಸೀರೆಯನ್ನು ನಾನೇ ತೆಗೆದು ಮಡಚಿ ಕೆಳಗೆ ಒಯ್ದು ಕೊಟ್ಟೆ.

"ಇನ್ನೂ ಹಸಿ ಐತಲ್ರಿ, ಯಾಕ ತಗದ್ರಿ?" ಎಂದಳು.

"ಬಿಸಿಲಿಗೆ ಬಣ್ಣ ಹೋಗ್ತೈತಿ," ಎಂದೆ. ಈಗಲೂ ಸುಳ್ಳನ್ನೇ ಹೇಳಿದೆ.