ಬುಟ್ಟಿಯ ತಳದ ಎರಡು ರೊಟ್ಟಿ

ಮೊದಲೇ ಹೇಳಿಬಿಡುತ್ತೇನೆ. ದೆವ್ವ ಭೂತ, ಕಣಿ ಶಕುನ, ಹಲ್ಲಿ ಲೊಚಗುಟ್ಟಿದ್ದು, ಬೆಕ್ಕು ಅಡ್ಡ ಬಂದದ್ದು, ಇದ್ಯಾವುದನ್ನೂ ನಾನು ನಂಬಿದವನಲ್ಲ. ಇವತ್ತಿಗೂ ನಂಬುವುದಿಲ್ಲ. ಮತ್ತೆ ಇದನ್ನೇಕೆ ಬರೆಯುತ್ತೀಯ ಎಂದರೆ, ನಡೆದದ್ದಕ್ಕೆ ಬರೆಯುತ್ತೇನೆ. ಉಂಡದ್ದನ್ನು ಉಂಡೆ ಅನ್ನಾಕೆ ನಾಚಬಾರದು ಅಂತ ನಮ್ಮಜ್ಜ ಹೇಳುತ್ತಿದ್ದ. ನಾನು ಉಂಡದ್ದನ್ನು ಹೇಳುತ್ತೇನೆ, ಅಷ್ಟೆ. ಇದು ಕತ್ತಲೆಯಲ್ಲಿ ನಡೆದದ್ದೂ ಅಲ್ಲ. ಸೂರ್ಯ ನೆತ್ತಿಯ ಮೇಲಿದ್ದಾಗ, ಹತ್ತು ಜನ ಉಂಡು ಕೈ ತೊಳೆಯುವ ಹೊತ್ತಿನಲ್ಲಿ ನಡೆದದ್ದು.

ಎಪ್ಪತ್ತರ ದಶಕದ ನಡುವಿನಿಂದ ಒಂದು ಹದಿನೈದು ಹದಿನಾರು ವರ್ಷ ನಾನು ಹೋಟೆಲುಗಳಿಗೆ ಚಹಾಪುಡಿ ಒದಗಿಸುವ ಏಜೆಂಟನಾಗಿ ತಿರುಗಿದೆ. ಹೆಗಲಿಗೊಂದು ಕ್ಯಾನ್ವಾಸ್ ಚೀಲ, ಅದರಲ್ಲಿ ನಮೂನೆಯ ಡಬ್ಬಿಗಳು. ಚನ್ನಗಿರಿ, ಹೊನ್ನಾಳಿ, ಆಗಿನ್ನೂ ಹೊನ್ನಾಳಿ ತಾಲೂಕಿನಲ್ಲೇ ಇದ್ದ ನ್ಯಾಮತಿ, ಆಮೇಲೆ ಜಗಳೂರು. ವ್ಯಾಪಾರ ಹೆಂಗೇ ಇರಲಿ, ಹೊಟ್ಟೆಗೆ ನಾನು ಎಂದೂ ಮೋಸ ಮಾಡಿದವನಲ್ಲ. ಚನ್ನಗಿರಿಯಲ್ಲಿ ಇಳಿದರೆ ಒಗ್ಗರಣೆ ಮಂಡಕ್ಕಿ, ಜೊತೆಗೆ ಇನ್ನೂ ಎಣ್ಣೆ ಸುರಿಯುವ ಮೆಣಸಿನಕಾಯಿ ಬಜ್ಜಿ. ನಲ್ಲೂರಿನ ಅಂಗಡಿಯ ಬೆಂಚಿನ ಮೇಲೆ ಮೊಸರವಲಕ್ಕಿ. ಹೊನ್ನಾಳಿಯಲ್ಲಿ ಹೊಳೆಮೀನಿನ ಸಾರು, ಮುದ್ದೆ. ಎಷ್ಟು ಕೈ ತೊಳೆದರೂ ನಾನೇನು ಉಂಡೆ ಎಂಬುದು ಬಸ್ಸಿನಲ್ಲಿ ಪಕ್ಕ ಕೂತವನಿಗೆ ಸಂಜೆವರೆಗೂ ಗೊತ್ತಾಗುತ್ತಿತ್ತು. ನ್ಯಾಮತಿಯಲ್ಲಿ ಒಬ್ಬ ಮುದುಕ ಬೆಣ್ಣೆ ಹಾಕಿ ಹುಯ್ಯುತ್ತಿದ್ದ ದೋಸೆಗಾಗಿ ಎರಡೆರಡು ಬಸ್ಸು ಬಿಟ್ಟದ್ದುಂಟು. ಕಂಡಕಂಡವರ ಕೈಯಡುಗೆ ಉಂಡು ಕುಲ ಕೆಡಿಸಿದ ಅಂತ ನಮ್ಮ ದೊಡ್ಡಪ್ಪ ಮುಖ ತಿರುಗಿಸುತ್ತಿದ್ದ. ಕೆಟ್ಟಿದ್ದರೆ ಬಹಳ ರುಚಿಯಾಗಿ ಕೆಟ್ಟಿದೆ ಬಿಡು ಅಂತ ಅವನ ಎದುರಿಗೇ ಅಂದಿದ್ದೇನೆ.

ಈ ಎಲ್ಲ ಊಟಗಳ ಮೇಲೆ ಕಳಶ ಇಟ್ಟಂಥದ್ದು ನನ್ನ ಬುಧವಾರದ ಊಟ. ಜಗಳೂರಿನಿಂದ ಹೊರಟ ಬಸ್ಸು ಒಂದು ಗಂಟೆಗೋ ಎರಡಕ್ಕೋ, ಅದರ ಮರ್ಜಿ ಬಂದಾಗ, ಬಿಳಿಚೋಡಿನಲ್ಲಿ ಊಟಕ್ಕೆ ನಿಲ್ಲುತ್ತಿತ್ತು. ನಿಲ್ಲುವ ಜಾಗದ ಎದುರಿಗೇ ತಿಪ್ಪಜ್ಜಿಯ ಮನೆ. ಗಂಡ ತೀರಿದ ಮೇಲೆ ಒಬ್ಬಳೇ ಇದ್ದ ಅಜ್ಜಿ ಪಡಸಾಲೆಯಲ್ಲೇ ಬಂದವರಿಗೆ ಊಟ ಇಕ್ಕುತ್ತಿದ್ದಳು. ಬೋರ್ಡಿಲ್ಲ, ಮೇಜಿಲ್ಲ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಗುದ್ದಿದ ಹಸಿ ಈರುಳ್ಳಿ. ನನ್ನ ಹೆಸರು ಕೊನೆಯವರೆಗೂ ಆಕೆಯ ಬಾಯಿಗೆ ಬರಲಿಲ್ಲ. ನಾನು ಆಕೆಗೆ ಚಾಪುಡಿಯಪ್ಪ.

ಅಜ್ಜಿಯ ಬಗ್ಗೆ ಬಸ್ಸಿನಲ್ಲೊಂದು ಮಾತಿತ್ತು. ಎಷ್ಟು ಜನ ಇಳಿಯುತ್ತಾರೆ, ಯಾರು ಎಷ್ಟು ಉಣ್ಣುತ್ತಾರೆ ಅಂತ ಬಸ್ಸು ಬರುವ ಮೊದಲೇ ಆಕೆಗೆ ಗೊತ್ತು, ಅಷ್ಟೇ ರೊಟ್ಟಿ ಬಡಿದಿಟ್ಟಿರುತ್ತಾಳೆ ಅಂತ. ಕಂಡಕ್ಟರ್ ಬಸಣ್ಣ ಇದನ್ನು ಹೇಳಿದಾಗ ನಾನು ನಕ್ಕುಬಿಟ್ಟೆ. ಅಜ್ಜಿಯನ್ನೇ ಕೇಳಿದೆ. "ನನಗೆ ಎಣಿಸಾಕೆ ಎಲ್ಲಿ ಬರ್ತೈತಪ್ಪ? ಕೈ ಬಡೀತಾ ಹೋಗ್ತೈತೆ. ಸಾಕಾದಾಗ ತಾನೇ ನಿಲ್ತೈತೆ. ಕೈ ನಿಂತ್ರೆ ನಾನೂ ಏಳ್ತೀನಿ" ಅಂದಳು.

ಇದನ್ನು ಸುಳ್ಳು ಮಾಡಲೇಬೇಕೆಂದು ಹಟ ಹಿಡಿದೆ. ಒಂದು ಬುಧವಾರ ಜಗಳೂರಿನಲ್ಲೇ ಹೊಟ್ಟೆ ಬಿರಿಯುವಷ್ಟು ಇಡ್ಲಿ ತಿಂದು ಹೋದೆ. ನನ್ನ ಮುಂದೆ ಒಂದು ಲೋಟ ಮಜ್ಜಿಗೆ ಮಾತ್ರ ಇಟ್ಟು, "ಉಂಡು ಬಂದೀಯಲ್ಲ, ಇದನ್ನಾರ ಕುಡಿ" ಅಂದಳು. ಇನ್ನೊಮ್ಮೆ ಬೆಳಗಿನಿಂದ ಉಪವಾಸ ಇದ್ದು ಆರು ರೊಟ್ಟಿ ಹೊಡೆದೆ. ಮತ್ತೊಮ್ಮೆ ದಾರಿಯಲ್ಲಿ ಪರಿಚಯವಾದ ಇಬ್ಬರು ಕುರಿ ವ್ಯಾಪಾರಿಗಳನ್ನು ಎಳೆದುಕೊಂಡು ಹೋದೆ. ಯಾರಿಗೂ ಕಮ್ಮಿ ಬೀಳಲಿಲ್ಲ. ಆದರೆ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಕೊನೆಯವನು ಕೈ ತೊಳೆದ ಮೇಲೆ ಬುಟ್ಟಿಯ ತಳದಲ್ಲಿ ಯಾವಾಗಲೂ ಎರಡು ರೊಟ್ಟಿ ಉಳಿದಿರುತ್ತಿದ್ದವು. ಸಿಕ್ಕಿಬಿದ್ದಳಲ್ಲ ಅಜ್ಜಿ! ಪ್ರತಿ ಬುಧವಾರ ಬುಟ್ಟಿ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದೆ. "ನೋಡ್ರಿ, ಎರಡು ಹೆಚ್ಚಾಗ್ಯಾವೆ! ನಿಮ್ಮ ಅಜ್ಜಿಯ ಕೈ ತಪ್ಪಿತು." ಅಜ್ಜಿ, "ಹೂನಪ್ಪ, ತಪ್ಪೈತೆ" ಅಂತ ನಗುತ್ತಿದ್ದಳು. ಹೆಚ್ಚುಕಮ್ಮಿ ಎರಡು ವರ್ಷ ಹೀಗೆ ಮೆರೆದೆ.

ಕೊನೆಗೊಂದು ದಿನ ಬಸಣ್ಣನೇ ತಡೆಯಲಾರದೆ ಅಂದ, "ಅಲ್ರೀ ಚಾಪುಡಿಯೋರೆ, ಅಜ್ಜಿಗೆ ಹೊಟ್ಟೆ ಇಲ್ಲೇನ್ರೀ? ಆಕೆ ಒಲೆ ಹೊಗೆ ಕುಡಿದು ಬದುಕ್ತಾಳೆ ಅಂದ್ಕೊಂಡ್ರೇನು?"

ಪಡಸಾಲೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಎಲ್ಲರೂ ಎದ್ದ ಮೇಲೆ ಉಣ್ಣುವುದು ನಮ್ಮ ಹೆಂಗಸರ ರೂಢಿ. ನಮ್ಮವ್ವನೂ ಹಾಗೇ ಉಂಡವಳು. ಆಕೆ ಏನು ಉಂಡಳು, ಎಷ್ಟು ಉಂಡಳು ಅಂತ ನಾನು ಒಂದು ದಿನವೂ ತಿರುಗಿ ನೋಡಿರಲಿಲ್ಲ. ಮಾಡಿದವಳ ಪಾಲನ್ನೇ ಲೆಕ್ಕ ತಪ್ಪಿದ್ದು ಅಂತ ಊರೆಲ್ಲ ಸಾರಿದ್ದೆ. ಅಲ್ಲಿಂದ ಮುಂದೆ ಬುಟ್ಟಿ ಎತ್ತಿ ತೋರಿಸುವುದನ್ನು ಬಿಟ್ಟೆ. ಆದರೆ ತಳ ನೋಡುವ ಚಾಳಿ ಹೋಗಲಿಲ್ಲ. ಆ ಎರಡು ರೊಟ್ಟಿ ಕಂಡರೆ ಏನೋ ಒಂದು ಸಮಾಧಾನ.

ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಜೊತೆ ಒಬ್ಬ ಬಳೆಗಾರ ಸಾಬರು ಬರುತ್ತಿದ್ದರು, ಕೆರೆಬಿಳಚಿಯವರು. ಬುಧವಾರ ತಪ್ಪಿಸಿದವರಲ್ಲ. ನಾಲ್ಕು ರೊಟ್ಟಿ ಅವರ ಊಟ. ಒಂದು ಬುಧವಾರ ಅವರು ಬರಲಿಲ್ಲ. ಬುಟ್ಟಿಯಲ್ಲೂ ಅವರ ನಾಲ್ಕು ಇರಲಿಲ್ಲ. ಸಾಬರು ಹಿಂದಿನ ರಾತ್ರಿಯೇ ತೀರಿಕೊಂಡರೆಂಬ ಸುದ್ದಿ ನಮಗೆ ಬಂದದ್ದು ಮುಂದಿನ ವಾರ. ವಯಸ್ಸಾಗಿತ್ತು, ಉಬ್ಬಸ ಇತ್ತು, ಇದರಲ್ಲೇನು ವಿಶೇಷ ಅಂತ ನಾನೇ ಬಸ್ಸಿನಲ್ಲಿ ವಾದ ಮಾಡಿದೆ. ವಾದ ಗೆದ್ದೆ. ಗೆದ್ದದ್ದು ಯಾಕೋ ನನಗೇ ರುಚಿಸಲಿಲ್ಲ.

ಎಂಬತ್ತನೇ ಇಸವಿ ದಾಟಿದ ಮೇಲೆ ಒಂದು ಬೇಸಿಗೆ. ಆ ಬುಧವಾರ ಹತ್ತು ಜನ ಉಂಡೆವು. ಬದನೆಕಾಯಿ ಎಣಗಾಯಿ ಮಾಡಿದ್ದಳು, ಬಲು ಚೆನ್ನಾಗಿತ್ತು. ಕೈ ತೊಳೆದು ಬಂದವನು ಅಭ್ಯಾಸಬಲದಿಂದ ಬುಟ್ಟಿಯೊಳಗೆ ಇಣುಕಿದೆ. ತಳದಲ್ಲಿ ಬಟ್ಟೆ ಮಾತ್ರ ಇತ್ತು. ಬಟ್ಟೆ ಎತ್ತಿ ನೋಡಿದೆ. ಬಿದಿರು ಕಂಡಿತು.

"ಅಜ್ಜಿ, ನಿನ್ನವು ಎಲ್ಲಿ?"

ಅಜ್ಜಿ ತಟ್ಟೆ ಜೋಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಇವತ್ತು ಕೈ ನಿಂತುಬಿಡ್ತಪ್ಪ."

"ಹಿಟ್ಟು ಇರಲಿಲ್ಲೇನು?"

"ಹಿಟ್ಟು ಐತೆ. ಕೆಂಡಾನೂ ಐತೆ. ಕೈನೇ ಸಾಕು ಅಂತು. ಹೋಗು, ಬಸ್ಸು ಹೋಗ್ತೈತೆ."

ಅಷ್ಟು ಸಲೀಸಾಗಿ ಅಂದಳು. ಸಾಬರ ನಾಲ್ಕು ರೊಟ್ಟಿ ನನ್ನ ಕಣ್ಣಮುಂದೆ ಬಂದವು. ಆಕೆಗೂ ಬಂದಿರಬೇಕು, ಯಾಕೆಂದರೆ ಎಂದೂ ಇಲ್ಲದ್ದು, ಅವತ್ತು ಒಗೆದ ಸೀರೆ ಉಟ್ಟು ತಲೆ ಬಾಚಿಕೊಂಡು ಕೂತಿದ್ದಳು. ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಬೇಡಿ. ಆ ಕೈಯ ಮೇಲೆ ಇರಬಹುದು. ಅದಕ್ಕೆ ಸಾಕು ಅಂದ ಯಾವುದೋ ಒಂದರ ಮೇಲೂ ಇರಬಹುದು. ನಾನು ನಂಬದ್ದರ ಮೇಲೆ ನನಗೆ ಸಿಟ್ಟು ಬಂದದ್ದು ಅದೇ ಮೊದಲು. ಚೀಲ ಇಳಿಸಿ, ಅಂಗಿಯ ತೋಳು ಮಡಿಸಿ, ಸೀದಾ ಹೋಗಿ ಒಲೆಯ ಮುಂದೆ ಕೂತೆ.

"ಏಯ್, ಏಳೋ ಅಲ್ಲಿಂದ! ಗಂಡಸು ಒಲೆ ಮುಂದೆ ಕೂರ್ತಾನಾ?"

"ಕೂತೀನಿ ನೋಡು. ನೀನು ಉಣ್ಣದೆ ಈ ಬಸ್ಸು ಹೋಗಲ್ಲ."

ಬಸಣ್ಣ ಬಾಗಿಲಲ್ಲಿ ನಿಂತು ಸೀಟಿ ಊದಿದ. ವಿಷಯ ತಿಳಿದ ಮೇಲೆ ಸೀಟಿ ಜೇಬಿಗಿಟ್ಟ. "ಬೇಡ್ರೀ, ಇದ್ರಾಗೆ ಕೈ ಹಾಕಬ್ಯಾಡ್ರೀ" ಅಂದ ಮೆಲ್ಲಗೆ. ನಾನು ಹಿಟ್ಟಿನ ಡಬ್ಬಿಗೇ ಕೈ ಹಾಕಿದೆ.

ಊರೂರು ತಿರುಗಿ ರೊಟ್ಟಿ ತಿಂದವನೇ ಹೊರತು ಬಡಿದವನಲ್ಲ. ಮೊದಲನೆಯದು ಹಲಗೆಗೆ ಅಂಟಿ ಹರಿಯಿತು. ಎರಡನೆಯದು ಹಂಚಿನ ಮೇಲೆ ಬೀಳುವಾಗ ಎರಡು ತುಂಡಾಯಿತು. ಮೂರನೆಯದು ಒಂದು ಕಡೆ ಹಸಿ, ಒಂದು ಕಡೆ ಕರಿ, ಆದರೂ ಒಂದೇ ತುಂಡು. ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು. "ಇದೇನೋ ಇದು, ಎಮ್ಮೆ ತುಳಿದಂಗೈತೆ!" ಅದರ ಮೇಲೆ ಅಷ್ಟು ಎಣಗಾಯಿ ಇಟ್ಟು ತಟ್ಟೆಯನ್ನು ಆಕೆಯ ಮುಂದೆ ನೂಕಿದೆ.

ಅಜ್ಜಿ ಒಲ್ಲೆ ಅಂದಳು. "ನನ್ನ ಪಾಲಿಂದಲ್ಲಪ್ಪ ಇದು."

"ನನ್ನ ಪಾಲಿಂದು. ನಾನು ಕೊಟ್ಟೀನಿ. ಉಣ್ಣು."

ಆಕೆ ನನ್ನ ಮುಖ ನೋಡಿದಳು. ಆಯ್ತು ಅನ್ನುವಂತೆ ತಟ್ಟೆಗೆ ಬಾಗಿದಳು. ಕೈ ಬರಲಿಲ್ಲ. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು. ಎಡಗೈಯಿಂದ ಅದನ್ನೆತ್ತಿ ತಟ್ಟೆಯ ಅಂಚಿಗಿಟ್ಟಳು, ಜಾರಿ ಮತ್ತೆ ತೊಡೆಗೆ ಬಿತ್ತು. "ಬರವಲ್ದು" ಅಂದಳು. ನಗು ಹೋಗಿತ್ತು. ಆಗ ನಾನೇ ಮುರಿದು, ಪಲ್ಯ ಹಚ್ಚಿ, ಆಕೆಯ ಬಾಯಿಗಿಟ್ಟೆ. ಅಗಿದಳು. ಇನ್ನೊಂದು ತುತ್ತು ಇಟ್ಟೆ. ಬಾಗಿಲಲ್ಲಿ ಬಸಣ್ಣ, ಅವನ ಹಿಂದೆ ಬಸ್ಸಿನವರೆಲ್ಲ ನಿಂತಿದ್ದರು. ನಡುವೆ ಎಲ್ಲೋ ಆಕೆ ನುಂಗದೆ ಸುಮ್ಮನಾದಳು, ಕಣ್ಣು ಗೋಡೆಯ ಮೇಲೆ ನಿಂತಿತು. ಗದರಿಸಿದೆ, ನಮ್ಮವ್ವನನ್ನೂ ಹಾಗೆ ಗದರಿಸಿದವನಲ್ಲ, "ನುಂಗು ಅಜ್ಜಿ!" ನುಂಗಿದಳು. ರೊಟ್ಟಿಯ ಕೊನೆಯ ಚೂರು ಬಾಯಿಗೆ ಹೋಗುವಾಗ ಆ ಬಲಗೈ ತಾನೇ ಎದ್ದು ಬಂದು, ತಟ್ಟೆಯಲ್ಲಿ ಉಳಿದಿದ್ದ ಪಲ್ಯ ಬಳಿದು ನೆಕ್ಕಿತು.

ಇಷ್ಟೇ ನಡೆದದ್ದು. ಹಾವು ಬರಲಿಲ್ಲ, ತೊಲೆ ಬೀಳಲಿಲ್ಲ. ಬಸ್ಸು ಮುಕ್ಕಾಲು ಗಂಟೆ ತಡವಾಗಿ ಹೊರಟಿತು. ಮುಂದಿನ ಬುಧವಾರ ಬಸ್ಸು ಪೂರಾ ನಿಲ್ಲುವ ಮೊದಲೇ ಇಳಿದೆ. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಎಂಟು ಒಂಬತ್ತು ವರ್ಷ ಬದುಕಿದಳು.

ಆದರೆ ಅವತ್ತಿನಿಂದ ರೊಟ್ಟಿಯ ಲೆಕ್ಕ ಹಳಿ ತಪ್ಪಿತು. ಒಂದು ವಾರ ಹದಿನೈದು ಉಳಿದು ದನಕ್ಕೆ ಹೋದವು. ಇನ್ನೊಂದು ವಾರ ಸಾಲದೆ ಐದು ಜನ ಮಂಡಕ್ಕಿ ತಿಂದು ಬಸ್ಸು ಹತ್ತಿದರು. ಅಜ್ಜಿಯ ಕೈಗುಣ ಕೆಡಿಸಿದವನು ಅಂತ ನನಗೆ ಹೆಸರು ಬಂತು. ದೈವದ ಕೆಲಸಕ್ಕೆ ಅಡ್ಡ ಬಂದೆ, ನಿನಗೆ ಒಳ್ಳೇದಾಗಲ್ಲ ಅಂದವರೂ ಇದ್ದಾರೆ. ಆಗಲಿ. ಒಬ್ಬ ಮುದುಕಿಯನ್ನು ಹಸಿದ ಹೊಟ್ಟೆಯಲ್ಲಿ ಕರೆದುಕೊಂಡು ಹೋಗುವ ದೈವವಾದರೆ ಅದಕ್ಕೆ ಇನ್ನೊಮ್ಮೆ ಅಡ್ಡ ಬರುತ್ತೇನೆ. ಇತ್ತೀಚೆಗೆ ಪರಿಚಯದ ಡಾಕ್ಟರೊಬ್ಬರು, ಮೆದುಳಿಗೆ ರಕ್ತ ಒಂದು ಗಳಿಗೆ ನಿಂತು ಮತ್ತೆ ಹರಿದಿರಬೇಕು, ಅದಕ್ಕೇ ಕೈ ಬಿದ್ದದ್ದು ಅಂದರು. ಇರಬಹುದು ಸ್ವಾಮಿ, ಒಪ್ಪಿದೆ. ಹಾಗಾದರೆ ಕೈ ಬೀಳುವುದಕ್ಕೆ ಮೊದಲೇ, ಬೆಳಿಗ್ಗೆಯೇ, ಎರಡು ರೊಟ್ಟಿ ಕಮ್ಮಿ ಬಡಿದದ್ದು ಯಾವ ರಕ್ತ? ಸಾಬರ ನಾಲ್ಕು ರೊಟ್ಟಿ ಯಾವ ನರ? ಅವರು ಕನ್ನಡಕ ಒರೆಸಿಕೊಂಡರು. ನನಗೆ ಒರೆಸಿಕೊಳ್ಳಲು ಕನ್ನಡಕವೂ ಇಲ್ಲ.

ಕೊನೆಕೊನೆಗೆ ಅಜ್ಜಿ ಬಸ್ಸಿನಿಂದ ಇಳಿದವರನ್ನು, "ಎಷ್ಟು ಹಾಕ್ಲಿ? ಹಸಿವು ಹೆಂಗೈತೆ?" ಅಂತ ಕೇಳಲು ಶುರುಮಾಡಿದಳು, ಎಲ್ಲ ಹೋಟೆಲಿನವರ ಹಾಗೆ. ಕೈಗುಣ ಹೋಯಿತಲ್ಲ ಪಾಪ ಅಂತ ಜನ ಮರುಗಿದರು. ನಾನೂ ಹಾಗೇ ತಿಳಿದಿದ್ದೆ. ಒಂದು ಬುಧವಾರ ಬಸ್ಸು ಬೇಗ ಬಂತು. ನಾನು ಒಳಗೆ ಹೋದಾಗ ಅಜ್ಜಿ ಇನ್ನೂ ಒಲೆಯ ಮುಂದೆ ಬಡಿಯುತ್ತಿದ್ದಳು, ನನ್ನನ್ನು ನೋಡಿರಲಿಲ್ಲ. ಬಡಿಯುತ್ತಿದ್ದ ಕೈ ಇದ್ದಕ್ಕಿದ್ದಂತೆ ಹಿಟ್ಟಿನ ಮೇಲೆ ನಿಂತುಬಿಟ್ಟಿತು. ಅಜ್ಜಿ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎಡಗೈಯಿಂದ ಅದರ ಮೇಲೆ ಚಟ್ಟನೆ ಒಂದೇಟು ಹೊಡೆದು, "ನಡೀ, ನೀನು ಹೇಳ್ದಷ್ಟೇನಾ?" ಅಂತ ಗದರಿಸಿ, ಇನ್ನೂ ನಾಲ್ಕು ಉಂಡೆ ಕಟ್ಟಿದಳು.