ಬೀಗರಿಗೆ ಬರೆದ ‘ಖಂಡಿತವಾಗಿ’

ಗುಡ್ಡವ್ವನನ್ನು ನಾನು ಮೊದಲು ಕಂಡದ್ದು ೧೯೫೬ರ ಕಡಲೆ ಸುಗ್ಗಿಯಲ್ಲಿ, ರೋಣದ ಪೇಟೆಯ ಕಾಳಿನ ದಲಾಲಿ ನಡೆಸುವ ಒಂದು ಅಡತಿ ಅಂಗಡಿಯ ಮುಂದೆ. ಮೊರ ಕೆಳಗಿಟ್ಟು, ಕೈಗೆ ಹತ್ತಿದ ಹೊಟ್ಟು ಝಾಡಿಸಿ, ಸೆರಗಿನ ಗಂಟು ಬಿಚ್ಚಿ ಒಂದು ಪೋಸ್ಟ್ ಕಾರ್ಡು ತೆಗೆದಳು. ಬೆವರಿಗೆ ಅದರ ಒಂದು ಮೂಲೆ ಮೆತ್ತಗಾಗಿತ್ತು.

“ಮಾಸ್ತರ್ರ, ನಾಕ ಅಕ್ಷರ ಬರದ ಕೊಡ್ರಿ.”

ಒಬ್ಬಳೇ ಮಗಳು ಕಳಕವ್ವನನ್ನು ಚಿಕ್ಕನರಗುಂದಕ್ಕೆ ಕೊಟ್ಟಿದ್ದಳು. ಮಗಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು. ಹೋಗಿ ಕರೆತರಲು ಗುಡ್ಡವ್ವನಿಗೆ ಗಂಡನಿಲ್ಲ, ಗಂಡುಮಕ್ಕಳೂ ಇಲ್ಲ.

“‘ನಿಮ್ಮ ಮನಸಿಗೆ ಬಂದ್ರ ಹುಡುಗೀನ ಕಳಸ್ರಿ’ ಅಂತ ಬರೀರಿ,” ಎಂದಳು.

“ಹಿಂಗ ಅಂಜಿಕೋತ ಬರದ್ರ ಯಾರ್ ಕಳಸ್ತಾರಬೇ?” ಎಂದು ನಾನು ‘ಖಂಡಿತವಾಗಿ ಕಳುಹಿಸಬೇಕು’ ಎಂದು ಬರೆದು ಓದಿ ಹೇಳಿದೆ. ಆಗಷ್ಟೇ ಬಿ.ಎ. ಮುಗಿಸಿ ಮಾಸ್ತರಿಕೆಗೆ ಬಂದಿದ್ದೆ.

ಅವಳು ಕಾರ್ಡನ್ನೇ ನೋಡುತ್ತ ನಿಂತಳು. “ಭಾಳ ಬಿರುಸಾತೇನೋ... ಇರ್ಲಿ. ಸಾಲಿ ಕಲಿತವ್ರು ನೀವು.”

ಮುಂದಿನ ಸಂತೆಗೆ ಅವಳ ಬೀಗ ಹೊಳಿಯಪ್ಪ ಬಂದ. ನಾನೂ ಅಲ್ಲೇ ಇದ್ದೆ. ಕಿಸೆಯಿಂದ ಕಾರ್ಡು ತೆಗೆದು ಎತ್ತಿ ಹಿಡಿದ.

“ಏನಬೇ, ಖಂಡಿತ ಕಳಸಬೇಕಂತ! ಹೆಣ್ಣು ಕೊಟ್ಟಾಕಿ ಹುಕುಂ ಮಾಡೂದು ಯಾವಾಗ ಕಲತಿ?”

“ನಾ ಹಂಗ ಹೇಳಿದ್ದಿಲ್ರಿ, ಬೀಗರ.”

“ಮತ್ತ ಇದನ್ನ ತಹಸೀಲ್ದಾರ ಬರದಾನೇನು?”

ಹಮಾಲರು ನಕ್ಕರು.

“ನಾ ಬರದದ್ರಿ. ತಪ್ಪು ನಂದು,” ಎಂದೆ.

ಹೊಳಿಯಪ್ಪ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. “ಬರದಾವ್ರು ಯಾರರ ಆಗ್ಲಿ, ಹೆಸರು ಆಕೀದೈತಿ. ಕೂಸು ನಮ್ಮ ಮನ್ಯಾಗ ಹುಟ್ಟತೈತಿ. ಖಂಡಿತ.”

ನಮ್ಮ ಕಡೆ ಹೆಣ್ಣಿನವರು ಬೀಗರನ್ನು ಊಟಕ್ಕೆ ಕರೆಯುವಾಗ ‘ಖಂಡಿತ ಬರ್ರಿ’ ಎನ್ನಬಹುದು. ತಾವು ಹಡೆದ ಮಗಳನ್ನು ಕಳಿಸಿರೆಂದು ಕೇಳುವಾಗ ಹಾಗೆ ಅನ್ನುವಂತಿಲ್ಲ. ನಮ್ಮಕ್ಕನನ್ನು ಕರೆಯಲು ಹೋದಾಗ ನಮ್ಮಪ್ಪ ಅವಳ ಗಂಡನ ಮನೆಯ ಪಡಸಾಲೆಯಲ್ಲಿ ಕೈಮುಗಿದು ನಿಂತದ್ದನ್ನು ನಾನೇ ಕಂಡಿದ್ದೆ. ಬರೆಯುವಾಗ ಅದು ನೆನಪಾಗಲಿಲ್ಲ.

ಆದಿತವಾರ ಚಿಕ್ಕನರಗುಂದಕ್ಕೆ ಹೋಗಿ ನಾನೂ ಕೈಮುಗಿದೆ. ಬೆಲ್ಲ, ನೀರು ಕೊಟ್ಟರು, ಹುಡುಗಿಯನ್ನು ಕಳಿಸಲಿಲ್ಲ. ಕಳಕವ್ವ ಬಾಗಿಲ ಮರೆಯಿಂದ, “ಊಟಾ ಬಿಡಬ್ಯಾಡಂತ ನಮ್ಮವ್ವಗ ಹೇಳ್ರಿ,” ಎಂದಳು.

ಗಂಡು ಕೂಸು ಅಲ್ಲಿಯೇ ಹುಟ್ಟಿತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನಕ್ಕೂ ಗುಡ್ಡವ್ವನಿಗೆ ಕರೆ ಬರಲಿಲ್ಲ. ಕರೆಯದೆ ಅವಳು ಹೋಗುವಂತಿರಲಿಲ್ಲ. ಇನ್ನೊಂದು ಕಾರ್ಡು ಒಯ್ದು, “ಈ ಸಲ ನೀ ಹೇಳಿದ್ಹಂಗ ಬರೀತೀನಿ,” ಎಂದೆ.

“ಬ್ಯಾಡ್ರಿ ಮಾಸ್ತರ್ರ,” ಎಂದಳು. ನನ್ನನ್ನು ಬೈಯಲೂ ಇಲ್ಲ.

ಮೊಮ್ಮಗನಿಗೆ ಈಗ ಎರಡು ವರ್ಷ. ಅವಳಿನ್ನೂ ಅವನನ್ನು ನೋಡಿಲ್ಲ. ಅದೇ ಅಂಗಡಿಯ ಮುಂದೆ ಕೂತು ಕಡಲೆ ಹಸನು ಮಾಡುತ್ತಾಳೆ.